ಲಾರಿ ನಿಂತರೂ ಎದೆ ಓಡುತ್ತದೆ

ಮೆಜೆಸ್ಟಿಕ್‌ನಿಂದ ಹತ್ತೂವರೆಗೆ ಊರಿಗೆ ಬಸ್ಸು. ಆಗಲೇ ಹತ್ತೂಕಾಲು. ನಿಮ್ಮ ಆಟೋ ಇನ್ನೂ ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಿಂತಿದೆ. ಮುಂದೆ ಬಿಎಂಟಿಸಿ ಬಸ್ಸು, ಹಿಂದೆ ಬೈಕುಗಳ ಸಾಲು, ಅಲುಗಾಡುವುದಕ್ಕೂ ಜಾಗ ಇಲ್ಲ. ಆಟೋದ ವೇಗ ಸೊನ್ನೆ. ನಿಮ್ಮ ಎದೆಯ ವೇಗ ಎಷ್ಟಿರುತ್ತದೆ?

ಸರಿ, ಹೇಗೋ ಬಸ್ಸು ಸಿಕ್ಕಿತು. ಈಗ ಅದೇ ಬಸ್ಸು ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಓಡುತ್ತಿದೆ. ನಿಮಗೆ ಐದೇ ನಿಮಿಷಕ್ಕೆ ನಿದ್ದೆ.

ತಮಿಳಿನ ಪೊಲೀಸ್ ಥ್ರಿಲ್ಲರ್ ನೋಡಿ ಬಂದವರು 'ಏನ್ ಸ್ಪೀಡು ಗುರು' ಅಂದಾಗೆಲ್ಲ ನನಗೆ ಈ ಆಟೋ ಮತ್ತು ಈ ಬಸ್ಸು ನೆನಪಾಗುತ್ತವೆ. ಪರದೆ ಮೇಲೆ ಜೀಪುಗಳು ಓಡಿದ ಮಾತ್ರಕ್ಕೆ ನೋಡುವವರ ಎದೆ ಓಡುವುದಿಲ್ಲ. ಎರಡು ಸೆಕೆಂಡಿಗೊಂದು ಶಾಟ್ ಬದಲಾಯಿಸಿದರೂ ಅಷ್ಟೇ. ಕಣ್ಣು ನೋಯುತ್ತದೆ, ಎದೆ ಆರಾಮಾಗಿರುತ್ತದೆ. ಹಾಗಾದರೆ ವೇಗ ಎಲ್ಲಿಂದ ಬರುತ್ತದೆ? ಗಡಿಯಾರದಿಂದ. ಏನೋ ಒಂದು ಮುಗಿದು ಹೋಗುವುದರೊಳಗೆ ಯಾರೋ ಒಬ್ಬರು ಎಲ್ಲಿಗೋ ತಲುಪಬೇಕು. ಅದು ನೋಡುವವರಿಗೆ ಗೊತ್ತಿರಬೇಕು. ಇಷ್ಟಿದ್ದರೆ ನಿಂತ ಆಟೋ ಕೂಡ ಥ್ರಿಲ್ಲರ್ರೇ.

ಇದನ್ನು ಬಿಡಿಸಿ ನೋಡಲು ನಾನು ಹಿಡಿದುಕೊಳ್ಳುವ ಸಿನಿಮಾ 'ಕೈದಿ'. 2019ರ ಅಕ್ಟೋಬರ್ 25ರಂದು ದೀಪಾವಳಿಗೆ ಬಂದದ್ದು. ಲೋಕೇಶ್ ಕನಕರಾಜ್ ನಿರ್ದೇಶನ, ಕಾರ್ತಿ ನಾಯಕ. ಅದೇ ದಿನ ವಿಜಯ್ ಅವರ 'ಬಿಗಿಲ್' ಕೂಡ ತೆರೆಗೆ ಬಂದಿತ್ತು. ಇದರಲ್ಲಿ ನಾಯಕಿ ಇಲ್ಲ, ಡ್ಯುಯೆಟ್ ಇಲ್ಲ, ಇಡೀ ಕಥೆ ಒಂದು ರಾತ್ರಿಯದ್ದು. ಹಬ್ಬದ ಹೊತ್ತಿನಲ್ಲಿ ಅಂಥದ್ದನ್ನು ದೊಡ್ಡ ಸ್ಟಾರ್ ಎದುರು ಬಿಡುವುದಕ್ಕೆ ಧೈರ್ಯ ಬೇಕು. ಆದರೂ ಗೆದ್ದಿತು. ಸಿನಿಮಾದ ಉದ್ದ ಸುಮಾರು 2 ಗಂಟೆ 25 ನಿಮಿಷ. ಚಿಕ್ಕದೇನಲ್ಲ. ನೋಡುವಾಗ ಮಾತ್ರ ಅಷ್ಟು ಅನ್ನಿಸುವುದಿಲ್ಲ, ಅದೇ ಮಜಾ.

ಮೊದಲ ಅರ್ಧ ಗಂಟೆಯ ಕಥೆ ಹೇಳುತ್ತೇನೆ, ಮುಂದಿನದನ್ನು ಕೆಡಿಸುವುದಿಲ್ಲ. ಪೊಲೀಸ್ ತಂಡವೊಂದು ಭಾರಿ ಪ್ರಮಾಣದ ಮಾದಕ ವಸ್ತು ಹಿಡಿದಿದೆ. ಅದನ್ನು ತಿರುಚ್ಚಿಯ ಕಮಿಷನರ್ ಕಚೇರಿಯ ನೆಲದಡಿ, ಬ್ರಿಟಿಷರ ಕಾಲದ ಒಂದು ಕೋಣೆಯಲ್ಲಿ ಬಚ್ಚಿಟ್ಟಿದೆ. ಆ ರಾತ್ರಿ ಹಿರಿಯ ಅಧಿಕಾರಿಯೊಬ್ಬರ ಪಾರ್ಟಿ. ಯಾರೋ ಮದ್ಯಕ್ಕೆ ವಿಷ ಬೆರೆಸುತ್ತಾರೆ. ಸಾಲುಸಾಲು ಅಧಿಕಾರಿಗಳು ಪ್ರಜ್ಞೆ ತಪ್ಪಿ ಬೀಳುತ್ತಾರೆ. ಕುಡಿಯದೆ ಉಳಿದವನು ಒಬ್ಬನೇ, ಬಿಜೋಯ್ ಎಂಬ ಅಧಿಕಾರಿ. ಅವನ ಕೈಗೆ ಪೆಟ್ಟಾಗಿದೆ, ಮಾತ್ರೆ ತಗೊಳ್ಳುತ್ತಿದ್ದಾನೆ, ಹಾಗಾಗಿ ಕುಡಿದಿಲ್ಲ. ಆದರೆ ಬಿದ್ದವರನ್ನು ಲಾರಿಗೆ ಹಾಕಿ ಆಸ್ಪತ್ರೆಗೆ ಸಾಗಿಸೋಣ ಅಂದರೆ, ಅದೇ ಕೈಯಿಂದಾಗಿ ಓಡಿಸಲೂ ಆಗುವುದಿಲ್ಲ. ಗಮನಿಸಿ. ಒಂದೇ ಗಾಯ ಅವನನ್ನು ಉಳಿಸಿತು, ಅದೇ ಗಾಯ ಅವನನ್ನು ಕಟ್ಟಿಹಾಕಿತು. ಚಿತ್ರಕಥೆ ಬರೆಯುವವರು ಇಂಥದ್ದನ್ನು ಹುಡುಕಲು ತಿಂಗಳುಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ.

ಅಲ್ಲಿ ಅಡುಗೆಯವರ ಲಾರಿ ಇದೆ. ಓಡಿಸಲು ಬರುವವನು ಒಬ್ಬ ಇದ್ದಾನೆ. ಹತ್ತು ವರ್ಷ ಜೈಲಿನಲ್ಲಿದ್ದು ಈಗಷ್ಟೇ ಹೊರಬಂದ ದಿಲ್ಲಿ ಎಂಬವನು, ಅಂದರೆ ಕಾರ್ತಿ. ಹುಟ್ಟಿದಾಗಿನಿಂದ ಮುಖವನ್ನೇ ನೋಡದ ಮಗಳನ್ನು ನೋಡಲು ಹೊರಟಿದ್ದವನನ್ನು ಪೊಲೀಸರು ಸುಮ್ನೆ ಅನುಮಾನದ ಮೇಲೆ ಹಿಡಿದು ಜೀಪಿನಲ್ಲಿ ಕೂರಿಸಿದ್ದಾರೆ. ಪೊಲೀಸರನ್ನು ಬದುಕಿಸಲು ಪೊಲೀಸರೇ ಹಿಡಿದ ಮನುಷ್ಯ ಬೇಕು!

ಈಗ ಗಡಿಯಾರಗಳನ್ನು ಎಣಿಸೋಣ. ಲಾರಿಯಲ್ಲಿ ಮಲಗಿರುವವರನ್ನು ಬೇಗ ಆಸ್ಪತ್ರೆಗೆ ಸೇರಿಸದಿದ್ದರೆ ಸಾಯುತ್ತಾರೆ, ಅದು ಒಂದು. ಹಿಡಿದ ಮಾಲು ಬಿಡಿಸಿಕೊಳ್ಳಲು ದುಷ್ಟರ ಪಡೆ ಕಮಿಷನರ್ ಕಚೇರಿ ಕಡೆಗೆ ಹೊರಟಿದೆ, ಅದು ಎರಡು. ಅನಾಥಾಶ್ರಮದಲ್ಲಿ ದಿಲ್ಲಿಯ ಮಗಳು ತನ್ನನ್ನು ನೋಡಲು ಯಾರೋ ಬರುತ್ತಾರೆ ಎಂದು ಎಚ್ಚರವಾಗಿ ಕೂತಿದ್ದಾಳೆ, ಅದು ಮೂರು. ಮೂರೂ ಬೇರೆ ಬೇರೆ ಜಾಗದಲ್ಲಿವೆ. ಸಂಕಲನಕಾರ ಫಿಲೋಮಿನ್ ರಾಜ್ ಒಂದರಿಂದ ಇನ್ನೊಂದಕ್ಕೆ ಹಾರುವಾಗ, ನಾವು ಬಿಟ್ಟುಬಂದ ಗಡಿಯಾರ ನಿಲ್ಲುವುದಿಲ್ಲ. ಅದು ಅಲ್ಲಿ ಟಿಕ್ ಟಿಕ್ ಅನ್ನುತ್ತಲೇ ಇದೆ ಎಂದು ನಮ್ಮ ತಲೆ ಹೇಳುತ್ತಿರುತ್ತದೆ. ಹಾಲು ಒಲೆ ಮೇಲಿಟ್ಟು ಬಾಗಿಲಿಗೆ ಬಂದವರ ಜೊತೆ ಮಾತಾಡುವ ಸ್ಥಿತಿ. ಮಾತು ನಿಧಾನ, ಆದರೆ ಕಿವಿ ಪೂರ್ತಿ ಅಡುಗೆಮನೆ ಕಡೆಗೆ.

ಅದಕ್ಕೇ ಲಾರಿ ಎಲ್ಲಾದರೂ ಸಿಕ್ಕಿಹಾಕಿಕೊಂಡು ನಿಂತಾಗ ಸಿನಿಮಾ ನಿಲ್ಲುವುದಿಲ್ಲ. ಬದಲಿಗೆ ಜಾಸ್ತಿ ಓಡುತ್ತದೆ.

ಇನ್ನೊಂದು ಜಾಣತನ ಇದೆ. ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಕಾರ್ತಿ ಸಾಯುವುದಿಲ್ಲ ಎಂದು ಟಿಕೆಟ್ ತಗೊಳ್ಳುವಾಗಲೇ ನಮಗೆ ಗೊತ್ತು. ಇಪ್ಪತ್ತು ಜನ ಕತ್ತಿ ಹಿಡಿದು ಬಂದರೂ ನಾವು ಪಾಪ್‌ಕಾರ್ನ್ ತಿನ್ನುತ್ತಲೇ ಇರುತ್ತೇವೆ. ಹೀರೋ ಸಿನಿಮಾದ ದೊಡ್ಡ ಕಷ್ಟವೇ ಇದು. ಹಾಗಾದರೆ ಭಯವನ್ನು ಎಲ್ಲಿಡುವುದು? ಲೋಕೇಶ್ ಅದನ್ನು ಕಮಿಷನರ್ ಕಚೇರಿಯಲ್ಲಿ ಇಟ್ಟರು. ಅಲ್ಲಿರುವುದು ಅದೇ ದಿನ ಬೇರೆ ಕಡೆಯಿಂದ ಬಂದ ನೆಪೋಲಿಯನ್ ಎಂಬ ಸಾಮಾನ್ಯ ಕಾನ್‌ಸ್ಟೇಬಲ್, ಜೊತೆಗೆ ಕುಡಿದು ಸಿಕ್ಕಿಬಿದ್ದ ನಾಲ್ಕಾರು ಕಾಲೇಜು ಹುಡುಗ ಹುಡುಗಿಯರು. ನೆಪೋಲಿಯನ್ ಆಗಿ ನಟಿಸಿದ ಜಾರ್ಜ್ ಮರಿಯನ್ ಅವರನ್ನು ತಮಿಳು ಪ್ರೇಕ್ಷಕರು ಅಲ್ಲಿಯವರೆಗೆ ಜಾಸ್ತಿ ನೋಡಿದ್ದು ನಗಿಸುವ ಪಾತ್ರಗಳಲ್ಲಿ. ಈ ಮನುಷ್ಯನಿಗೆ ಹಿನ್ನೆಲೆ ಸಂಗೀತದ ಕಾವಲಿಲ್ಲ. ಇವನು ಯಾವ ಕ್ಷಣದಲ್ಲಾದರೂ ಸಾಯಬಹುದು. ಇವನು ಮೇಜು ಕುರ್ಚಿಗಳನ್ನು ಬಾಗಿಲಿಗೆ ಒತ್ತಿ ನಿಂತಾಗ ಪಾಪ್‌ಕಾರ್ನ್ ಕೈಯಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಸಿನಿಮಾದ ನಿಜವಾದ ಎಂಜಿನ್ ಲಾರಿಯದಲ್ಲ, ಈ ಕಾನ್‌ಸ್ಟೇಬಲ್‌ನದು.

ಇಷ್ಟೆಲ್ಲ ಓಟದ ನಡುವೆ ದಿಲ್ಲಿ ಕೂತು ಬಿರಿಯಾನಿ ತಿನ್ನುತ್ತಾನೆ. ಬಕೆಟ್ಟಿನಿಂದ, ಕೈತುಂಬ, ಯಾವ ಅವಸರವೂ ಇಲ್ಲದೆ. ಬೇರೆಯವರು ಕಂಗಾಲಾಗಿ ನೋಡುತ್ತಿರುತ್ತಾರೆ. ಮಾತಿಲ್ಲ. ಹತ್ತು ವರ್ಷ ಜೈಲಿನ ಊಟ ಉಂಡವನು ಹೇಗೆ ತಿನ್ನುತ್ತಾನೆ ಎಂದು ಸುಮ್ಮನೆ ತೋರಿಸುತ್ತಾರೆ. ಇಂಥ ದೃಶ್ಯ ಬಂದಾಗ 'ಲ್ಯಾಗ್' ಎಂದು ಮೊಬೈಲ್ ತೆಗೆಯುವವರಿದ್ದಾರೆ. ತೆಗೆಯಬೇಡಿ. ಒಂದೇ ಸಮನೆ ಓಡುವ ಸಿನಿಮಾ ಸ್ವಲ್ಪ ಹೊತ್ತಿಗೆ ಹೆದ್ದಾರಿ ಬಸ್ಸಾಗುತ್ತದೆ, ಕಣ್ಣು ಕೂರುತ್ತದೆ. ಯಕ್ಷಗಾನದಲ್ಲಿ ಚೆಂಡೆ ರಾತ್ರಿಯಿಡೀ ಒಂದೇ ಬಿರುಸಿನಲ್ಲಿ ಬಾರಿಸುತ್ತದೆಯೇ? ಮದ್ದಲೆಗೆ ಬಿಟ್ಟುಕೊಟ್ಟು ಸುಮ್ಮನಿದ್ದು, ವೇಷ ಬರುವಾಗ ಒಮ್ಮೆಗೆ ಬೀಳುತ್ತದೆ. ಅದಕ್ಕೇ ಎದೆಗೆ ತಾಗುವುದು.

ಕತ್ತಲೆಯ ಬಗ್ಗೆಯೂ ಒಂದು ಮಾತು. ಛಾಯಾಗ್ರಾಹಕ ಸತ್ಯನ್ ಸೂರ್ಯನ್ ಈ ಸಿನಿಮಾದ ಬಹುಪಾಲನ್ನು ಹೆಡ್‌ಲೈಟು, ಟಾರ್ಚು, ಬೆಂಕಿಯ ಬೆಳಕಿನಲ್ಲಿ ನಡೆಯುವಂತೆ ಕಾಣಿಸಿದ್ದಾರೆ. ಬೆಳಕು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಪಾಯ ಶುರು. ಮನೆಯಲ್ಲಿ ಮಧ್ಯಾಹ್ನ ಕಿಟಕಿ ತೆರೆದಿಟ್ಟು ನೋಡಿದರೆ ಟಿವಿಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ದಯವಿಟ್ಟು ರಾತ್ರಿ ನೋಡಿ. ಹೊಡೆದಾಟ ಕಟ್ಟಿದವರು ಅನ್ಬರಿವ್, ಅವಳಿ ಸೋದರರು. 'ಕೆಜಿಎಫ್' ಮೊದಲ ಭಾಗದ ಸಾಹಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ತಂಡದಲ್ಲಿದ್ದವರು ಇವರೇ. ಹಾಗಾಗಿ ಕೋಲಾರದ ಗಣಿಯಲ್ಲಿ ಕಂಡ ಆ ಪೆಟ್ಟಿನ ಭಾರ ಇಲ್ಲೂ ಕಂಡರೆ ಆಶ್ಚರ್ಯ ಇಲ್ಲ.

ಹುಡುಕಾಟದ ಓಟ

'ಕೈದಿ'ಯಲ್ಲಿ ದುಷ್ಟರು ಯಾರು, ಎಲ್ಲಿದ್ದಾರೆ ಎಂಬುದು ಪೊಲೀಸರಿಗಿಂತ ಮೊದಲು ನಮಗೆ ಗೊತ್ತು. ಅದು ಬೆನ್ನಟ್ಟುವ ಕಥೆ. ಪೊಲೀಸ್ ಥ್ರಿಲ್ಲರ್‌ನ ಇನ್ನೊಂದು ಜಾತಿ ಹುಡುಕುವ ಕಥೆ. ಅಲ್ಲಿ ಪೊಲೀಸರಿಗೆ ಗೊತ್ತಿರುವಷ್ಟೇ ನಮಗೂ ಗೊತ್ತು. 2018ರ 'ರಾಟ್ಚಸನ್' ಅಂಥದ್ದು. ಸಿನಿಮಾ ನಿರ್ದೇಶಕ ಆಗಬೇಕೆಂದು ಸರಣಿ ಕೊಲೆಗಾರರ ಬಗ್ಗೆ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದವನು, ಅವಕಾಶ ಸಿಗದೆ ಸಬ್ ಇನ್ಸ್‌ಪೆಕ್ಟರ್ ಆಗುತ್ತಾನೆ. ಹುಡುಗಿಯರ ಕೊಲೆಗಳಲ್ಲಿ ಮೇಲಿನವರು ಗಮನಿಸದ ಒಂದು ಹೋಲಿಕೆ ಅವನಿಗೆ ಕಾಣುತ್ತದೆ. ಅಲ್ಲಿ ಗಡಿಯಾರ ಅಂದರೆ ಮುಂದಿನ ಹುಡುಗಿ ಕಾಣೆಯಾಗುವ ಹೊತ್ತು.

ಹುಡುಕಾಟವನ್ನು ಓಡಿಸುವುದು ಬೆನ್ನಟ್ಟುವುದಕ್ಕಿಂತ ಕಷ್ಟ. ನಿಜವಾದ ತನಿಖೆ ಅಂದರೆ ಕಡತ, ಫೋನ್ ಕರೆಗಳ ಪಟ್ಟಿ, ಬೇರೆ ರಾಜ್ಯಕ್ಕೆ ಬರೆದ ಪತ್ರ, ಅದಕ್ಕೆ ಬಾರದ ಉತ್ತರ. ಇದನ್ನು ಹೇಗೆ ಓಡಿಸುತ್ತೀರಿ? 2017ರ ನವೆಂಬರ್‌ನಲ್ಲಿ ಬಂದ ಎಚ್. ವಿನೋತ್ ಅವರ 'ತೀರನ್ ಅಧಿಗಾರಂ ಒನ್ರು' ಇದಕ್ಕೆ ಒಳ್ಳೆಯ ಉತ್ತರ. ಇದರ ಬೇರು ನಿಜ ಘಟನೆಯಲ್ಲಿದೆ. 1990ರ ದಶಕದಿಂದ ಹೆದ್ದಾರಿ ಪಕ್ಕದ ಒಂಟಿ ಮನೆಗಳಿಗೆ ನುಗ್ಗಿ ಕೊಂದು ದೋಚುತ್ತಿದ್ದ ಒಂದು ಗುಂಪಿತ್ತು. 2005ರ ಜನವರಿಯಲ್ಲಿ ಗುಮ್ಮಿಡಿಪೂಂಡಿಯ ಶಾಸಕ ಸುದರ್ಶನಂ ಅವರ ಕೊಲೆಯಾಯಿತು. ಎಸ್.ಆರ್. ಜಾಂಗಿಡ್ ನೇತೃತ್ವದ ತಮಿಳುನಾಡು ಪೊಲೀಸ್ ತಂಡ ಉತ್ತರ ಭಾರತಕ್ಕೆ ಹೋಗಿ ಆ ಗುಂಪಿನ ಮುಖ್ಯಸ್ಥರನ್ನು ಹಿಡಿಯಿತು. ಸಿನಿಮಾದಲ್ಲಿ ಪೊಲೀಸರ ಕೈಯಲ್ಲಿರುವ ದೊಡ್ಡ ಆಸ್ತಿ ಒಂದು ಬೆರಳಚ್ಚು. ಅದನ್ನು ಹಿಡಿದುಕೊಂಡು ರಾಜ್ಯ ರಾಜ್ಯ ಸುತ್ತುತ್ತಾರೆ. ವರ್ಷಗಳು ಒಂದೊಂದು ಶಾಟಿನಲ್ಲಿ ಕಳೆದುಹೋಗುತ್ತವೆ, ಒಂದು ಬಸ್ಸಿನ ಮೇಲಿನ ಹೊಡೆದಾಟ ಮಾತ್ರ ಉದ್ದಕ್ಕೆ ನಡೆಯುತ್ತದೆ. ಅಂದರೆ ಬೇಸರದ ಕಾಲವನ್ನು ಹಿಂಡುವುದು, ಭಯದ ಕಾಲವನ್ನು ಎಳೆಯುವುದು. ನಡುವೆ ಬರುವ ಪ್ರೇಮದ ಭಾಗ ನನಗೆ ಟೋಲ್‌ಗೇಟ್ ತರಹ ಕಂಡಿತು. ನಿಲ್ಲಲೇಬೇಕು, ದುಡ್ಡು ಕೊಡಲೇಬೇಕು, ಆಮೇಲೆ ರಸ್ತೆ ಚೆನ್ನಾಗಿದೆ.

ಅದರ ಜೊತೆ ಒಂದು ಎಚ್ಚರಿಕೆಯೂ ಬೇಕು. ಓಡುವ ಕಥೆಗೆ ಬೇಗ ಗುರುತು ಸಿಗುವ ಶತ್ರು ಬೇಕು, ಹಾಗಾಗಿ ಒಂದು ಗುಂಪಿನ ಅಪರಾಧ ಒಂದು ಇಡೀ ಸಮುದಾಯದ ಹಣೆಪಟ್ಟಿ ಆಗಿಬಿಡುತ್ತದೆ. ಬ್ರಿಟಿಷರು 1871ರ ಕಾಯ್ದೆಯಲ್ಲಿ ಮಾಡಿದ್ದು ಇದನ್ನೇ, ಹುಟ್ಟಿನಿಂದಲೇ ಅಪರಾಧಿಗಳು ಎಂದು ಬುಡಕಟ್ಟುಗಳನ್ನು ಪಟ್ಟಿ ಮಾಡಿದರು. ಆ ಕಾಯ್ದೆ 1952ರಲ್ಲಿ ಹೋಯಿತು. ಹಣೆಪಟ್ಟಿ ಇನ್ನೂ ಪೂರ್ತಿ ಹೋಗಿಲ್ಲ.

ತಮಿಳು ಅರ್ಥವಾಗದವರಿಗೆ

'ನಂಗೆ ತಮಿಳು ಬರಲ್ಲ, ಸಬ್‌ಟೈಟಲ್ ಓದ್ತಾ ಕೂತ್ರೆ ಸಿನಿಮಾ ನೋಡೋಕಾಗಲ್ಲ' ಎನ್ನುವವರು ಇದ್ದಾರೆ. ನಿಜ, ಓಡುವ ಸಿನಿಮಾದಲ್ಲಿ ಕೆಳಗೆ ಓದುವಷ್ಟರಲ್ಲಿ ಮೇಲೆ ಗುಂಡು ಹಾರಿರುತ್ತದೆ. ಆದರೆ ಕನ್ನಡದವರಿಗೆ ಅರ್ಧ ದಾರಿ ಆಗಲೇ ಸಾಗಿರುತ್ತದೆ. 'ಓಡು', 'ನಿಲ್ಲು', 'ಯಾರು' ಇವೆಲ್ಲ ನಮ್ಮವೇ. ತಮಿಳಿನ 'ವೇಟ್ಟೈ' ನಮ್ಮ 'ಬೇಟೆ'. ವಕಾರವನ್ನು ಬಕಾರ ಮಾಡಿಕೊಂಡರೆ ಎಷ್ಟೋ ಮಾತುಗಳ ಬಾಗಿಲು ತೆರೆಯುತ್ತದೆ. 2006ರ ಕಮಲ್ ಹಾಸನ್ ಅವರ ಪೊಲೀಸ್ ಸಿನಿಮಾ 'ವೇಟ್ಟೈಯಾಡು ವಿಳೈಯಾಡು', ನಮ್ಮಲ್ಲಿ 'ಬೇಟೆಯಾಡು, ಆಟವಾಡು'. 'ಕೈದಿ'ಗಂತೂ ಅನುವಾದವೇ ಬೇಡ.

ಕೈಕೊಡುವ ಮಾತುಗಳೂ ಇವೆ. ಫೋನಿನಲ್ಲಿ ಒಬ್ಬ 'ಎಂಗ ಇರುಕ್ಕ?' ಎಂದು ಕಿರುಚುತ್ತಾನೆ. ನಮ್ಮ ಕಿವಿಗೆ ಅದು 'ಹೆಂಗಿದ್ದೀಯಾ?' ಎಂದು ಕೇಳಿಸುತ್ತದೆ. ಗುಂಡಿನ ನಡುವೆ ಕುಶಲ ವಿಚಾರಿಸುತ್ತಾನಲ್ಲ ಅಂದುಕೊಳ್ಳಬೇಡಿ, ಅವನು ಕೇಳುತ್ತಿರುವುದು 'ಎಲ್ಲಿದ್ದೀಯಾ?' ಎಂದು. ಪೊಲೀಸ್ ಥ್ರಿಲ್ಲರ್‌ನಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆಯೂ ಅದೇ. 'ಏಟ್ಟಯ್ಯ' ಅಂದರೆ ಹೆಡ್ ಕಾನ್‌ಸ್ಟೇಬಲ್, ಇಂಗ್ಲಿಷಿನ 'ಹೆಡ್' ತಮಿಳರ ಬಾಯಲ್ಲಿ 'ಏಟ್ಟು' ಆಗಿದೆ. 'ಅಧಿಗಾರಂ' ಇನ್ನೂ ಸ್ವಾರಸ್ಯದ ಮಾತು. ತಮಿಳಿನಲ್ಲಿ ಅದಕ್ಕೆ ನಮ್ಮ ಅಧಿಕಾರದ ಅರ್ಥವೂ ಇದೆ, ಅಧ್ಯಾಯ ಎಂಬ ಅರ್ಥವೂ ಇದೆ. ತಿರುಕ್ಕುರಳಿನಲ್ಲಿರುವುದು 133 ಅಧಿಗಾರಗಳು. ಹಾಗಾಗಿ 'ತೀರನ್ ಅಧಿಗಾರಂ ಒನ್ರು' ಅಂದರೆ ತೀರನ್, ಅಧ್ಯಾಯ ಒಂದು. ನಾಯಕ ಪೊಲೀಸ್ ಆದ್ದರಿಂದ ಅಧಿಕಾರದ ನೆರಳೂ ಬೀಳುತ್ತದೆ. ಕನ್ನಡದ ಕಿವಿಗೆ ಸಿಗುವುದು ಆ ನೆರಳು ಮಾತ್ರ.

ಕೆಲವು ಸಲ ಕಥೆಯೇ ಗಡಿ ದಾಟಿ ಬರುತ್ತದೆ. ಹರಿ ನಿರ್ದೇಶನದ 2010ರ 'ಸಿಂಗಂ' ಮರುವರ್ಷ ಸುದೀಪ್ ಅವರ 'ಕೆಂಪೇಗೌಡ' ಆಯಿತು. ತಮಿಳಿನಲ್ಲಿ ಖಳನಾಗಿದ್ದವರು ನಮ್ಮ ಪ್ರಕಾಶ್ ರೈ. ಕನ್ನಡದಲ್ಲಿ ಆ ಜಾಗಕ್ಕೆ ಪಿ. ರವಿಶಂಕರ್ ಬಂದು ಆರ್ಮುಗಂ ಆದರು. ಅವರ ಅಬ್ಬರಕ್ಕೆ ಹೀರೋನೇ ಸ್ವಲ್ಪ ಮಂಕಾದ ಎನ್ನುವವರಲ್ಲಿ ನಾನೂ ಒಬ್ಬ. 'ಸಿಂಗಂ' ಜಾತಿಯ ವೇಗ ಬೇರೆ ಬಗೆಯದು. ಅಲ್ಲಿ ಗಡಿಯಾರಕ್ಕಿಂತ ಕೊರಳು ಮುಖ್ಯ. ಮಾತು, ಮೀಸೆ, ನೆಲಕ್ಕೆ ಬಿದ್ದ ಕಾಲು, ಎಲ್ಲದಕ್ಕೂ ಸದ್ದು. ಮಾತಿನ ಬಿರುಸಿನಿಂದಲೇ ಓಡುವ ಸಿನಿಮಾ ನಮಗೆ ಹೊಸದಲ್ಲ, 1996ರಲ್ಲೇ ಸಾಯಿಕುಮಾರ್ ಅವರ 'ಪೊಲೀಸ್ ಸ್ಟೋರಿ' ನೋಡಿದವರು ನಾವು.

ಕಾನೂನಿನ ಗಡಿಯಾರ

ನಿಜದ ಪೊಲೀಸ್ ಕೆಲಸದಲ್ಲೂ ಗಡಿಯಾರ ಇದೆ. ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿಸಿದವರನ್ನು, ದಾರಿಯ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಹಾಕದಿದ್ದರೆ ಬಂಧಿತನಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ, ಈ ನಿಯಮ 1872ರಿಂದಲೂ ಇದೆ. ಎನ್‌ಕೌಂಟರ್ ಸಾವಿನಲ್ಲಿ ಎಫ್‌ಐಆರ್ ಆಗಬೇಕು, ಬೇರೆ ತಂಡ ತನಿಖೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಈಗ ಯಾವುದಾದರೂ ಥ್ರಿಲ್ಲರ್ ನೆನಪಿಸಿಕೊಳ್ಳಿ. ಕತ್ತಲೆ ಕೋಣೆ, ತೂಗುವ ಬಲ್ಬು, ಎರಡು ಏಟು, ವಿಳಾಸ ಹೊರಬಂತು, ಜೀಪು ಹೊರಟಿತು. ಮೂವತ್ತು ಸೆಕೆಂಡು. ಕಥೆಗೆ ಇದಕ್ಕಿಂತ ಸುಲಭದ ಒಳದಾರಿ ಇಲ್ಲ. ಸಿನಿಮಾ ತನ್ನ ಗಡಿಯಾರ ಓಡಿಸಲು ಕಾನೂನಿನ ಗಡಿಯಾರವನ್ನು ಒಡೆದುಹಾಕುತ್ತದೆ, ಮತ್ತು ನಾವು ಶಿಳ್ಳೆ ಹಾಕುತ್ತೇವೆ. ನಾನೂ ಹಾಕಿದ್ದೇನೆ. ಹೊಡೆದರೆ ಸತ್ಯವೇ ಹೊರಬರುತ್ತದೆ ಎಂದು ನಂಬಿಸುವುದು ಈ ದೃಶ್ಯದ ಕಣ್ಕಟ್ಟು. ಏಟು ತಪ್ಪಿಸಿಕೊಳ್ಳಲು ಮನುಷ್ಯ ಏನು ಬೇಕಾದರೂ ಹೇಳುತ್ತಾನೆ, ಆದರೆ ಆ ಜೀಪು ಖಾಲಿ ಮನೆಗೆ ಹೋಗಿ ವಾಪಸು ಬರುವುದನ್ನು ಸಿನಿಮಾ ತೋರಿಸುವುದು ಅಪರೂಪ.

2020ರ ಜೂನ್‌ನಲ್ಲಿ ತೂತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ವೇಳೆ ಅಂಗಡಿ ತೆರೆದಿಟ್ಟರು ಎಂಬ ಆರೋಪದ ಮೇಲೆ ಪೊಲೀಸರು ಹಿಡಿದ ತಂದೆ ಮಗ ಇಬ್ಬರೂ ಸತ್ತರು. ತಮಿಳುನಾಡಿನ ಸಿನಿಮಾದವರಲ್ಲಿ ಹಲವರು ಖಂಡಿಸಿದರು. ಹರಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಪೊಲೀಸರನ್ನು ಮೆರೆಸುವ ಐದು ಸಿನಿಮಾ ಮಾಡಿದ್ದಕ್ಕೆ ತನಗೆ ನೋವಾಗಿದೆ ಎಂದು ಬಹಿರಂಗವಾಗಿ ಹೇಳಿದರು. ಅವರ 'ಸಿಂಗಂ' ನಾಯಕನ ಊರು ಕೂಡ ಆ ಸೀಮೆಯದ್ದೇ.

ತಮಿಳಿನಲ್ಲೇ ಒಂದು ಸಿನಿಮಾ ಆ ಕೋಣೆಯ ಬಾಗಿಲನ್ನು ಒಳಗಿನಿಂದ ತೋರಿಸುತ್ತದೆ. ವೆಟ್ರಿಮಾರನ್ ಅವರ 'ವಿಸಾರಣೈ', ಕನ್ನಡದಲ್ಲಿ ಹೇಳುವುದಾದರೆ 'ವಿಚಾರಣೆ'. 2015ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ್ದು. ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಾವು ಅನುಭವಿಸಿದ್ದನ್ನು ಬರೆದ 'ಲಾಕಪ್' ಪುಸ್ತಕ ಇದಕ್ಕೆ ಆಧಾರ. ಆಂಧ್ರದ ಗುಂಟೂರಿನಲ್ಲಿ ಕೂಲಿ ಮಾಡುವ ತಮಿಳು ಹುಡುಗರನ್ನು ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ಯಾವ ಕೇಸು ಎಂದು ಹೇಳುವುದಿಲ್ಲ. ಏಟು ಬೀಳುತ್ತದೆ. ಸುತ್ತ ಆಡುವ ತೆಲುಗು ಅವರಿಗೆ ಸರಿಯಾಗಿ ಅರ್ಥವಾಗುವುದಿಲ್ಲ, ಅವರಿಗೆ ಸಬ್‌ಟೈಟಲ್ ಕೊಡುವವರೂ ಇಲ್ಲ. ಯಾವಾಗ ಬಿಡುತ್ತಾರೆ ಎಂಬುದೂ ಗೊತ್ತಿಲ್ಲ. ಅಲ್ಲಿ ಗಡಿಯಾರವೇ ಇಲ್ಲ. ಆ ಸಿನಿಮಾ 'ಕೈದಿ'ಗಿಂತ ಸುಮಾರು ಅರ್ಧ ಗಂಟೆ ಚಿಕ್ಕದು. 'ಕೈದಿ'ಯನ್ನು ನಾನು ಒಂದೇ ಉಸಿರಿಗೆ ನೋಡಿದ್ದೆ. ಇದನ್ನು ಮನೆಯಲ್ಲಿ ನೋಡುವಾಗ ಎರಡು ಸಲ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು ಬಂದೆ.